ಸರಪಳಿ ಹಿಡಿದವನು ಕೂಗಬಾರದು

ಹೋಲಿಸ್‌ಗೆ ಕೂತು ಆಟ ನೋಡಲು ಬರುವುದಿಲ್ಲ. ಕೈಕಾಲು ಗಟ್ಟಿಯಿರುವ, ನಲವತ್ತು ದಾಟಿದ ಗಂಡಸು, ಹೇವುಡ್ ಹೈಸ್ಕೂಲಿನ ಗ್ಯಾಲರಿಯಲ್ಲಿ ಕೂತರೆ ಸಾಕು, ಗುರುತು ಪರಿಚಯವಿಲ್ಲದ ಮದುವೆಮನೆಗೆ ಬಂದವನಂತೆ ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಾನೆ. ನೋಡಲಾಗದೆ ಹೆಂಡತಿ ರೋಂಡಾ ಅವನ ಕೈಗೊಂದು ಕೋಕ್ ಲೋಟ ಕೊಡುತ್ತಾಳೆ. ಅವನು ಅದನ್ನು ಮೊಣಕಾಲ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು, ಆಟ ಮುಗಿಯುವವರೆಗೂ ಹಾಗೇ ಹಿಡಿದು ಕೂತಿರುತ್ತಾನೆ. ಕುಡಿಯುವುದಂತೂ ಇಲ್ಲ.

ಅವನ ಮಗ ವೇಡ್ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಿದಾಗ ಇಡೀ ಗ್ಯಾಲರಿ ಎದ್ದು ನಿಲ್ಲುತ್ತದೆ. ಹುಡುಗನ ಹೆಸರು ಸರಿಯಾಗಿ ಗೊತ್ತಿಲ್ಲದವರೂ ಗಂಟಲು ಹರಿದುಕೊಳ್ಳುತ್ತಾರೆ. ಹೆತ್ತ ಅಪ್ಪ ಮಾತ್ರ ತುಟಿ ಬಿಗಿದುಕೊಂಡು, ಲೋಟವನ್ನು ಇನ್ನಷ್ಟು ನೆಟ್ಟಗೆ ಹಿಡಿಯುತ್ತಾನೆ.

ಇದು ಕೊಬ್ಬಲ್ಲ, ಅಭ್ಯಾಸ. ದಕ್ಷಿಣ ಜಾರ್ಜಿಯಾದ ಕಡಲೆಕಾಯಿ ಹೊಲಗಳ ನಡುವಿನ ಟಾಲ್ಬರ್ಟ್ ಅವನ ಊರು. ಅಲ್ಲಿನ ಹೈಸ್ಕೂಲಿನ ಮೈದಾನದಲ್ಲಿ ಹದಿನೆಂಟು ವರ್ಷ ಅವನು ಸರಪಳಿ ಹಿಡಿದಿದ್ದ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲಿನ ಜೀವವೆಲ್ಲ ಹತ್ತು ಗಜದಲ್ಲಿದೆ. ನಾಲ್ಕು ಸಲದೊಳಗೆ ಚೆಂಡನ್ನು ಹತ್ತು ಗಜ ಮುಂದಕ್ಕೆ ಒಯ್ದರೆ ಮತ್ತೆ ನಾಲ್ಕು ಸಲ ಸಿಗುತ್ತದೆ. ಒಂದಂಗುಲ ಕಡಿಮೆಯಾದರೂ ಚೆಂಡು ಎದುರಾಳಿಯ ಪಾಲು. ಆ ಹತ್ತು ಗಜವನ್ನು ಅಳೆಯುವುದು ಎರಡು ಕೋಲುಗಳ ನಡುವೆ ಕಟ್ಟಿದ ಒಂದು ಸರಪಳಿ. ಅಂಚುಗೆರೆಯಾಚೆ ನಿಂತು ಅದನ್ನು ಹಿಡಿಯುವವರು ಊರಿನವರೇ. ಅವರಿಗೆ ಸಿಗುವುದು ಕಿತ್ತಳೆ ಬಣ್ಣದ ಒಂದು ತೋಳಿಲ್ಲದ ಜಾಕೀಟು, ಮತ್ತು ಆಟವನ್ನು ಎಲ್ಲರಿಗಿಂತ ಹತ್ತಿರದಿಂದ ನೋಡುವ ಭಾಗ್ಯ.

ಆ ಭಾಗ್ಯಕ್ಕೆ ಒಂದು ಕಟ್ಟಳೆ. ಜಾಕೀಟು ತೊಟ್ಟವನಿಗೆ ತನ್ನ ಊರಿಲ್ಲ, ತನ್ನ ಮಗನಿಲ್ಲ. ಕೂಗಬಾರದು, ಚಪ್ಪಾಳೆ ತಟ್ಟಬಾರದು, ಉಸ್ಸೆಂದು ಉಸಿರು ಬಿಡುವುದನ್ನೂ ಮೆಲ್ಲಗೆ ಬಿಡಬೇಕು. ಹೋಲಿಸ್ ಹಿಡಿಯುತ್ತಿದ್ದದ್ದು ಚೆಂಡು ಮುಟ್ಟಬೇಕಾದ ಮುಂದಿನ ಕೋಲು. ಹಿಂದಿನ ಕೋಲು ಹಿಡಿಯುವ ಓಡೆಲ್ ಈ ತಂಡದ ಯಜಮಾನ. ಅವನ ಸ್ವಂತ ಭಾವಮೈದನೇ ಒಮ್ಮೆ ಮೈಮರೆತು "ಕೆಡವೋ ಅವನ್ನ!" ಎಂದು ಕೂಗಿ, ಆಟ ಮುಗಿದ ಕೂಡಲೇ ತಾನಾಗಿ ಜಾಕೀಟು ಬಿಚ್ಚಿ ಕೊಟ್ಟಿದ್ದ. ಯಾರೂ ಕೇಳಿರಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ಈಗ ಅವನು ಗೇಟಿನಲ್ಲಿ ಟಿಕೆಟು ಹರಿಯುತ್ತಾನೆ.

ವೇಡ್ ಒಂಬತ್ತನೇ ಮತ್ತು ಹತ್ತನೇ ತರಗತಿಯಲ್ಲಿ ಟಾಲ್ಬರ್ಟ್‌ಗೆ ಆಡಿದ. ಎರಡು ವರ್ಷ ಹೋಲಿಸ್‌ನ ಮೂಗಿನ ಮುಂದೆಯೇ ಓಡಿದ, ಬಿದ್ದ, ಎದ್ದ. ಒಂದು ಸಲ ಅಪ್ಪನ ಕಾಲ ಬಳಿಯೇ ಉರುಳಿ ಬಂದು ತಲೆಯೆತ್ತಿ ನೋಡಿದ್ದ. ಹೋಲಿಸ್ ದೃಷ್ಟಿ ತಪ್ಪಿಸಿ ರೆಫ್ರಿಯ ಕಡೆ ನೋಡಿದ. ಊರವರು ಅದನ್ನು ಕಂಡು, "ಅಪ್ಪ ಅಂದ್ರೆ ಹೀಗಿರಬೇಕಪ್ಪ, ಕಂಬ, ಕಂಬ!" ಎಂದು ಹೊಗಳಿದರು. ಕಂಬಕ್ಕೆ ಹೆಮ್ಮೆಯಾಯಿತು. ಮಗನಿಗೆ ಏನಾಯಿತೆಂದು ಕಂಬ ಕೇಳಲಿಲ್ಲ.

ಹತ್ತನೆಯದು ಮುಗಿದ ಬೇಸಗೆಯಲ್ಲಿ, ಹೈಸ್ಕೂಲು ಇನ್ನೂ ಎರಡು ವರ್ಷವಿರುವಾಗ, ವೇಡ್, "ನಾವು ಹೇವುಡ್‌ಗೆ ಹೋಗೋಣ" ಎಂದ. ಹೇವುಡ್ ಎಂದರೆ ಒಂದೂವರೆ ಗಂಟೆಯ ದಾರಿ, ದೊಡ್ಡ ಊರು, ಪ್ರತಿ ವರ್ಷ ರಾಜ್ಯದ ಪಟ್ಟಕ್ಕೆ ಕೈ ಚಾಚುವ ಶಾಲೆ. ಅದರ ಮೈದಾನಕ್ಕೆ ಕಾಲೇಜುಗಳ ಕೋಚುಗಳು ತಮ್ಮ ತಂಡಕ್ಕೆ ಹುಡುಗರನ್ನು ಆರಿಸಲು ಹದ್ದುಗಳಂತೆ ಬಂದು ಕೂರುತ್ತಾರೆ. ಶಾಲೆ ಬದಲಿಸಿದ ಹುಡುಗ ಅದೇ ವರ್ಷ ಆಡಬೇಕಾದರೆ ಮನೆಮಂದಿಯೆಲ್ಲ ನಿಜವಾಗಿ ಅಲ್ಲಿಗೆ ಹೋಗಿ ನೆಲೆಸಬೇಕು, ಹಳೆಯ ಮನೆ ಬಿಡಬೇಕು ಎಂಬುದು ನಿಯಮ. ರೋಂಡಾಳಿಗೆ ಅಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಮನೆಯನ್ನು ಒಬ್ಬ ಮೇಷ್ಟರಿಗೆ ಬಾಡಿಗೆಗೆ ಕೊಟ್ಟರು. ಹೋಲಿಸ್ ತನ್ನ ಜಾಕೀಟನ್ನು ಒಗೆದು, ಇಸ್ತ್ರಿ ಮಾಡಿ ಓಡೆಲ್‌ನ ಕೈಗೆ ಕೊಟ್ಟ.

"ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು, ಹೋಗಯ್ಯಾ," ಎಂದು ಓಡೆಲ್ ನಗಲು ನೋಡಿದ. ನಗು ಸರಿಯಾಗಿ ಬರಲಿಲ್ಲ.

ಹೇವುಡ್‌ನಲ್ಲಿ ಅವರು ಸೇರಿದ್ದು ಓಕ್ ಹಿಲ್ ಎಂಬ ಅಪಾರ್ಟ್‌ಮೆಂಟು. ಅಲ್ಲಿ ಓಕ್ ಮರವೂ ಇಲ್ಲ, ಗುಡ್ಡವೂ ಇಲ್ಲ. ಮೇಲಿನ ಮನೆಯಲ್ಲಿ ಫ್ಲಾರಿಡಾದಿಂದ ತಾಯಿಯೊಡನೆ ಬಂದ ಹುಡುಗ, ತಂಡದ ಚೆಂಡೆಲ್ಲ ಅವನ ಕೈಯಿಂದಲೇ ಹೊರಡಬೇಕು. ಎದುರು ಮನೆಯಲ್ಲಿ ಅಲಬಾಮಾದಿಂದ ಬಂದವನು, ಬಾಗಿಲಷ್ಟು ಅಗಲ. ಊರಿನ ಹಳಬರು ಆ ಕಟ್ಟಡಕ್ಕೆ ಛತ್ರ ಎಂದೂ, ಅಲ್ಲಿನ ಹುಡುಗರಿಗೆ ಬಾಡಿಗೆ ಕಾಲುಗಳು ಎಂದೂ ಹೆಸರಿಟ್ಟಿದ್ದರು. ಅದೇ ಕಾಲುಗಳು ಗೆದ್ದು ಕೊಟ್ಟಾಗ ಅಪ್ಪಿಕೊಳ್ಳಲು ಮುಂದೆ ಬರುವವರೂ ಅವರೇ. ವೇಡ್ ಬಂದಮೇಲೆ ಬೆಂಚಿಗೆ ಬಿದ್ದ ಹುಡುಗನ ತಂದೆ ಗ್ಯಾಲರಿಯಲ್ಲಿ ಹೋಲಿಸ್‌ನ ಮುಂದಿನ ಸಾಲಿನಲ್ಲೇ ಕೂರುತ್ತಿದ್ದ. ಇಡೀ ಋತುವಿನಲ್ಲಿ ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ. ಹೋಲಿಸ್ ಅವನನ್ನು ದೂರಲಿಲ್ಲ. ಆ ಬೆನ್ನಿನ ಮಾತು ಅವನಿಗೆ ಅರ್ಥವಾಗುತ್ತಿತ್ತು.

ಶುಕ್ರವಾರ ಸಂಜೆ ಐದಾದರೆ ಅವನಿಗೆ ಕಳವಳ ಶುರು. ಟಾಲ್ಬರ್ಟ್‌ನಲ್ಲಿ ಆ ಹೊತ್ತಿಗೆ ಮೈದಾನದ ಹಿಂದೆ ಓಡೆಲ್‌ನ ಪಿಕಪ್ ಟ್ರಕ್ ನಿಂತಿರುತ್ತದೆ. ಹಿಂಬದಿಯ ಹಲಗೆ ಇಳಿಸಿ, ಸರಪಳಿಯವರು ಅದರ ಮೇಲೆ ಕಾಲು ಇಳಿಬಿಟ್ಟು ಕೂತು, ಉಪ್ಪುನೀರಲ್ಲಿ ಬೇಯಿಸಿದ ಹಸಿ ಕಡಲೆಕಾಯಿಯನ್ನು ಬಿಸಿಬಿಸಿಯಾಗಿ ಸುಲಿದು ತಿನ್ನುತ್ತಾರೆ. ಮಾತೇನೂ ಘನವಾದದ್ದಲ್ಲ. ಯಾರ ಟ್ರ್ಯಾಕ್ಟರ್ ಕೆಟ್ಟಿತು, ಯಾರ ಮಗಳು ಯಾರ ಜೊತೆ ಓಡಾಡುತ್ತಾಳೆ, ಅಷ್ಟೆ. ಆ ಅಷ್ಟೇ ಅಷ್ಟಕ್ಕಾಗಿ ಹೋಲಿಸ್ ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದ. ಅಪಾರ್ಟ್‌ಮೆಂಟಿನ ಒಲೆಯ ಮೇಲೆ ಅವನೂ ಕಡಲೆಕಾಯಿ ಬೇಯಿಸಿದ. ಉಪ್ಪು ಸರಿಯಾಗಿತ್ತು, ಕಾಯಿ ಒಳ್ಳೆಯದಿತ್ತು, ರುಚಿ ಮಾತ್ರ ಇರಲಿಲ್ಲ. ಒಂದು ದಿನ ಟೀವಿಯಲ್ಲಿ ಆಟ ಬರುವಾಗ ಅವನು ನೆಲ ಒರೆಸುವ ಕೋಲನ್ನು ನೆಟ್ಟಗೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದನ್ನು ರೋಂಡಾ ನೋಡಿದಳು. ನಗುವ ಹೆಂಗಸು, ಅವತ್ತು ನಗಲಿಲ್ಲ.

ಹೇವುಡ್ ಗೆಲ್ಲುತ್ತಲೇ ಹೋಯಿತು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬೆಳಿಗ್ಗೆಯೂ ಅಭ್ಯಾಸ ಮಾಡುವ ತಂಡವೇ ತಂಡ ಎಂಬ ಮಾತು ಆ ಕಡೆ ಇದೆ, ಏಕೆಂದರೆ ಅಷ್ಟು ಹೊತ್ತಿಗೆ ಉಳಿದವರೆಲ್ಲ ಸೋತು ಮನೆಯಲ್ಲಿ ಹಬ್ಬದ ಟರ್ಕಿಯನ್ನು, ಆ ಕೋಳಿಯ ದೊಡ್ಡಣ್ಣನನ್ನು, ತಿನ್ನುತ್ತಿರುತ್ತಾರೆ. ಆ ವರ್ಷ ಉಳಿದ ಎಂಟು ತಂಡಗಳಲ್ಲಿ ಯಾರೂ ಲೆಕ್ಕಕ್ಕಿಟ್ಟಿರದ ಒಂದು ಹೆಸರಿತ್ತು, ಟಾಲ್ಬರ್ಟ್. ಹೊರಗಿನಿಂದ ಬಂದ ಒಬ್ಬ ಹುಡುಗನೂ ಇಲ್ಲದ ತಂಡ. ಹಬ್ಬದ ಮರುದಿನ, ಶುಕ್ರವಾರ, ಹೇವುಡ್ ಆಡಬೇಕಾದ್ದು ಅವರ ಮೇಲೆ, ಅದೂ ಅವರ ಊರಲ್ಲೇ.

ಆ ಶುಕ್ರವಾರ ಬೆಳಿಗ್ಗೆ ಹೋಲಿಸ್‌ನ ಫೋನು ಹೊಡೆದುಕೊಂಡಿತು.

"ಗ್ರೇಡಿ ಮರದಿಂದ ಬಿದ್ದ ಕಣಯ್ಯಾ," ಎಂದ ಓಡೆಲ್, ಹಲೋ ಗಿಲೋ ಏನೂ ಇಲ್ಲದೆ. ಗ್ರೇಡಿ ಎಂದರೆ ಹೋಲಿಸ್‌ನ ಜಾಗಕ್ಕೆ ಬಂದ ಔಷಧಿ ಅಂಗಡಿಯವನು. "ಜಿಂಕೆ ಹೊಡೀತೀನಿ ಅಂತ ಬೆಳಗಿನ ಜಾವ ಮಚಾನು ಹತ್ತಿದಾನೆ. ಜಿಂಕೆ ನೋಡಿ ಗಾಬರಿ ಆಗಿ ಇವನೇ ಕೆಳಗೆ ಬಿದ್ದಿದಾನೆ. ಮಣಿಕಟ್ಟು ಮುರಿದಿದೆ."

"ಅಯ್ಯೋ ಪಾಪ. ಜಿಂಕೆಗೇನೂ ಆಗ್ಲಿಲ್ಲ ತಾನೆ?"

"ಅದು ಆರಾಮಾಗಿದೆ. ಹೋಲಿಸ್, ಮುಂದಿನ ಕೋಲಿಗೆ ಜನ ಇಲ್ಲ." ಎಂದ ಓಡೆಲ್. "ರೆಫ್ರಿ ಇಬ್ಬರು ಕೋಚಿಗೂ ಫೋನ್ ಮಾಡಿ ಕೇಳಿದಾರೆ. ನಿಮ್ಮ ಹೇವುಡ್‌ನವರು, ನಮ್ಮ ಹುಡುಗನ ಅಪ್ಪ ತಾನೇ, ನಮ್ಮದೇನೂ ಅಡ್ಡಿ ಇಲ್ಲ ಅಂದರಂತೆ. ನಮ್ಮ ಕೋಚು, ಅವನು ಹಿಡಿದ್ರೆ ಕೋಲು ಅಲ್ಲಾಡಲ್ಲ ಅಂದ. ನಿನ್ನ ಹಳೇ ಜಾಕೀಟು ಮೊಳೆ ಮೇಲೇ ಇದೆ. ಗ್ರೇಡಿಗೆ ಅದು ಆಗ್ತಿರ್ಲಿಲ್ಲ, ಹೊಟ್ಟೆ. ಐದಕ್ಕೆ ಬರ್ತೀಯಾ?"

ಹೋಲಿಸ್ ಬರುತ್ತೇನೆಂದು ಹೇಳಿದ. ಹೇಳಿದಮೇಲೆ ಉಸಿರಾಡಿದ. ರೋಂಡಾ ಅವನ ಮುಖ ನೋಡಿ, "ಹೋಗು, ಸಂತೋಷ. ಆದ್ರೆ ವೇಡ್‌ಗೆ ನೀನೇ ಹೇಳು. ಬೇರೆಯವರ ಬಾಯಲ್ಲಿ ಕೇಳೋದು ಬೇಡ," ಎಂದಳು.

ಐದಕ್ಕೆ ಅವನು ಆ ಹಲಗೆಯ ಮೇಲೆ ಕೂತಿದ್ದ. ಓಡೆಲ್ ಅತ್ತ ಸರಿದು ಜಾಗ ಬಿಟ್ಟ. ಎಷ್ಟನೇ ಸಲವೆಂದು ತೋರಿಸುವ ಹಲಗೆ ಹಿಡಿಯುವ ವರ್ನನ್ ಕಾಗದದ ಪೊಟ್ಟಣವನ್ನು ಮುಂದೆ ತಳ್ಳಿ, "ತಿನ್ನಪ್ಪಾ ಪಟ್ಟಣದ ಸಾಹೇಬ, ನಿಮ್ಮೂರಲ್ಲಿ ಇದನ್ನ ಚಮಚದಲ್ಲಿ ತಿಂತಾರಂತಲ್ಲ," ಎಂದ. ಕಡಲೆಕಾಯಿಯ ಬಿಸಿನೀರು ಹೋಲಿಸ್‌ನ ಮೊಣಕೈವರೆಗೆ ಇಳಿಯಿತು. ರುಚಿ ಇಲ್ಲೇ ಇತ್ತು, ಇಷ್ಟು ದಿನವೂ ಇಲ್ಲೇ ಕೂತಿತ್ತು. ಅವನು ಕಣ್ಣೊರೆಸಿಕೊಂಡು, ಉಪ್ಪು ಹೋಯಿತು ಎಂದ.

ಹೇವುಡ್‌ನ ಬಸ್ಸು ಬಂದಾಗ ಅವನು ಜಾಕೀಟು ತೊಟ್ಟೇ ಅತ್ತ ನಡೆದ. ಅದೇ ಅವನು ಮಾಡಿದ ತಪ್ಪು. ವೇಡ್ ಬಸ್ಸಿನ ಮೆಟ್ಟಿಲಿಳಿಯುತ್ತಲೇ ಮೊದಲು ಕಂಡದ್ದು ಆ ಕಿತ್ತಳೆ ಬಣ್ಣ. ಹುಡುಗನ ಮುಖ ಇಳಿದುಹೋಯಿತು.

"ಗ್ರೇಡಿ ಕೈ ಮುರ್ಕೊಂಡ. ಜನ ಇರ್ಲಿಲ್ಲ. ಇವತ್ತೊಂದಿನ ಕಣೋ," ಎಂದ ಹೋಲಿಸ್.

"ಆಗ್ಲಿ ಬಿಡಪ್ಪ."

"ಯಾಕೋ, ಏನಾಯ್ತು?"

ವೇಡ್ ಹೆಲ್ಮೆಟ್ಟಿನ ಪಟ್ಟಿಯನ್ನು ತಿರುವುತ್ತ ನಿಂತ. ಆಮೇಲೆ ಹೇಳಿದ. "ನಾನು ಹೇವುಡ್‌ಗೆ ಹೋಗೋಣ ಅಂತ ಯಾಕೆ ಹಟ ಹಿಡಿದೆ, ಗೊತ್ತಾ?"

"ಕಾಲೇಜಿನವರು ನೋಡ್ಲಿ ಅಂತ."

"ಅದೂ ಹೌದು. ಇನ್ನೊಂದೂ ಇತ್ತು. ಅಲ್ಲಿ ನಿನ್ನ ಕೈಯಲ್ಲಿ ಕೋಲಿರಲ್ಲ. ಎಲ್ಲರ ಅಪ್ಪಂದಿರ ಹಾಗೆ ಮೇಲೆ ಕೂತು ನೀನೂ ಒಂದ್ಸಲ ಕಿರುಚ್ತೀಯ ಅಂದ್ಕೊಂಡಿದ್ದೆ. ಪ್ರತಿ ಆಟದಲ್ಲೂ ಗ್ಯಾಲರಿ ಕಡೆ ಕಿವಿ ಕೊಡ್ತಿದ್ದೆ. ಅಮ್ಮಂದು ಕೇಳಿಸ್ತಿತ್ತು. ಯಾರ್ಯಾರದೋ ಕೇಳಿಸ್ತಿತ್ತು."

"ನಂಗೆ ಬರಲ್ಲ ಕಣೋ. ಬಾಯಿ ತೆರೀಬೇಕು ಅಂತೀನಿ, ಅಷ್ಟ್ರಲ್ಲಿ ಆಟ ಮುಂದೆ ಹೋಗಿರುತ್ತೆ."

"ಗೊತ್ತಾಯ್ತಲ್ಲ," ಎಂದ ವೇಡ್, ಕೋಪವಿಲ್ಲದೆ. "ಹೋಗು, ನಿನ್ನೋರು ಕಾಯ್ತಿದಾರೆ."

ಬೈದಿದ್ದರೆ ವಾಸಿಯಿತ್ತು. ಹೋಲಿಸ್‌ಗೆ ಬಿಸಿತುಪ್ಪ ಬಾಯಿಗೆ ಬಿದ್ದ ಸ್ಥಿತಿ, ನುಂಗುವಂತಿಲ್ಲ, ಉಗುಳುವಂತಿಲ್ಲ. ಒಪ್ಪಿಕೊಂಡ ಮಾತು ಒಪ್ಪಿಕೊಂಡದ್ದೇ. ಈಗ ಜಾಕೀಟು ಬಿಚ್ಚಿ ಗ್ಯಾಲರಿ ಹತ್ತಿದರೆ ಆಟ ನಡೆಯುವುದಿಲ್ಲ. ಅವನು ಮರಳಿ ಬಂದು ಕೋಲು ಹಿಡಿದ. ಕೋಲಿನಲ್ಲಿ ಅವನ ಹೆಬ್ಬೆರಳು ಕೂರುವ ಕಡೆ ಬಣ್ಣ ಸವೆದಿತ್ತು, ಹೆಬ್ಬೆರಳು ತಾನಾಗಿ ಅಲ್ಲಿಗೆ ಹೋಯಿತು.

ಟಾಲ್ಬರ್ಟ್‌ನಲ್ಲಿ ಸರಪಳಿ ಇರುವುದು ಹೊರ ಊರಿನ ತಂಡದ ಬೆಂಚಿನ ಕಡೆ. ವೇಡ್ ಇಲ್ಲಿ ಆಡುತ್ತಿದ್ದಾಗ ಅವನ ಬೆಂಚು ಮೈದಾನದ ಆಚೆ ದಡದಲ್ಲಿರುತ್ತಿತ್ತು. ಇವತ್ತು ಅದು ಹೋಲಿಸ್‌ನ ಬೆನ್ನ ಹಿಂದೆಯೇ ಇತ್ತು. ಮಗ ನೀರು ಕುಡಿಯುವುದು, ಏದುಸಿರು ಬಿಡುವುದು, ಫ್ಲಾರಿಡಾದ ಹುಡುಗನಿಗೆ "ನನ್ಕಡೆ ಕೊಡೋ" ಎನ್ನುವುದು ಎಲ್ಲ ಕೇಳಿಸುತ್ತಿತ್ತು. ತಿರುಗಿ ನೋಡುವಂತಿಲ್ಲ. ಎದುರಿನ ಗ್ಯಾಲರಿಯಲ್ಲಿ ಹುಟ್ಟೂರು ಅಷ್ಟೂ ಕೂತಿತ್ತು. ಆಟ ನಿಂತಾಗಲೆಲ್ಲ ಅಲ್ಲಿಂದ, "ಏ ಹೋಲಿಸ್, ಬಾಡಿಗೆ ಎಷ್ಟಪ್ಪಾ?" ಎಂದು ಒಬ್ಬ ಕೂಗುತ್ತಿದ್ದ, ಉಳಿದವರು ನಗುತ್ತಿದ್ದರು. ಆ ನಗುವಿಗೂ ಅವನ ಜೀವ ಹಂಬಲಿಸಿತ್ತು. ಬೈಯುವುದಕ್ಕಾದರೂ ಹೆಸರು ಗೊತ್ತಿರಬೇಕಲ್ಲ. ಹೇವುಡ್‌ನಲ್ಲಿ ಅದೂ ಯಾರಿಗೂ ಗೊತ್ತಿರಲಿಲ್ಲ.

ಬಾಡಿಗೆ ಕಾಲುಗಳಿಗೂ ಊರ ಕಾಲುಗಳಿಗೂ ಆಟ ಸಮಸಮವಾಗಿ ನಡೆಯಿತು. ಕೊನೆಯ ನಿಮಿಷಕ್ಕೆ ಬಂದಾಗ ಟಾಲ್ಬರ್ಟ್ ನಾಲ್ಕು ಅಂಕ ಮುಂದಿತ್ತು, ಚೆಂಡು ಹೇವುಡ್‌ನದು. ಮೂರು ಸಲ ಮುಗಿದಿತ್ತು. ನಾಲ್ಕನೆಯದು ಮಾತ್ರ ಬಾಕಿ, ಹೋಲಿಸ್‌ನ ಕೋಲು ಮುಟ್ಟಲು ಇನ್ನೂ ಮೂರು ಗಜ. ಮುಟ್ಟಿದರೆ ಪಟ್ಟದ ಆಸೆ ಜೀವಂತ, ಇಲ್ಲವಾದರೆ ಋತು ಮುಗಿದಂತೆ. ಎಲ್ಲರಿಗೂ ಗೊತ್ತಿತ್ತು, ಚೆಂಡು ವೇಡ್‌ಗೇ ಬರುತ್ತದೆ.

ಬಂತು. ವೇಡ್ ಒಳಗೆ ನುಗ್ಗುವವನಂತೆ ಮಾಡಿ ಹೊರಕ್ಕೆ ತಿರುಗಿ, ಅಂಚುಗೆರೆ ಹಿಡಿದು, ನೇರ ತನ್ನ ಅಪ್ಪನ ಕಡೆ ಓಡಿ ಬಂದ. ಇಬ್ಬರು ಅವನ ಸೊಂಟಕ್ಕೆ ಜೋತುಬಿದ್ದರು. ಅವನು ಬೀಳಲಿಲ್ಲ. ಇಬ್ಬರನ್ನೂ ಎಳೆದುಕೊಂಡು ಬರುತ್ತಿದ್ದ, ಹೆಲ್ಮೆಟ್ಟಿನೊಳಗಿನ ಎರಡು ಕಣ್ಣು ಹೋಲಿಸ್‌ಗೆ ಕಂಡವು.

"ಓಡೋ ಅಳಿಲೇ! ಓಡೋ! ಬಾರೋ ನನ್ನಪ್ಪಾ, ಅಳಿಲೇ!"

ಯಾರದೋ ಗಂಟಲು ಎಂದುಕೊಂಡ ಹೋಲಿಸ್. ಅದು ಅವನದೇ. ಕೂಗಿದ್ದು ಸಾಲದೆಂಬಂತೆ ಕೋಲನ್ನೂ ಹಿಡಿದುಕೊಂಡೇ ಮಗನ ಜೊತೆ ಮುಂದಕ್ಕೆ ಓಡಿದ್ದ. ಸರಪಳಿ ಬಿಗಿದು, ಆ ಕೊನೆಯಲ್ಲಿದ್ದ ಓಡೆಲ್ ಹೋರಿಯ ಹಗ್ಗ ಹಿಡಿದವನ ಹಾಗೆ ಮುಗ್ಗರಿಸಿಕೊಂಡು ಹಿಂದೆ ಬಂದ. ವೇಡ್‌ಗೆ ಎರಡು ವರ್ಷವಿದ್ದಾಗ ಹಿತ್ತಲಿನ ಮರದ ಅಕ್ರೋಟಿನಂಥ ಪೀಕಾನ್ ಕಾಯಿಗಳನ್ನು ಎರಡೂ ದವಡೆಯಲ್ಲಿ ತುಂಬಿಕೊಂಡು ಓಡುತ್ತಿದ್ದ, ಅಂದು ಇಟ್ಟ ಹೆಸರು ಅಳಿಲು. ಹೈಸ್ಕೂಲು ಸೇರಿದಮೇಲೆ ಮನೆಯಲ್ಲೂ ಆ ಹೆಸರು ಎತ್ತಬಾರದೆಂದು ಅವನು ತಾಕೀತು ಮಾಡಿದ್ದ. ಈಗ ಅದನ್ನು ಎರಡು ಊರು ಒಟ್ಟಿಗೆ ಕೇಳಿತು.

ಹುಡುಗರ ರಾಶಿ ಬಿಡಿಸಿದಾಗ ವೇಡ್ ಅಡಿಯಲ್ಲಿದ್ದ, ಚೆಂಡು ಎದೆಯಡಿಯಲ್ಲಿತ್ತು. ಮುಟ್ಟಿತೋ ಇಲ್ಲವೋ ಬರಿಗಣ್ಣಿಗೆ ಹೇಳಲಾಗದು. ರೆಫ್ರಿ ಸರಪಳಿ ತರಲು ಹೇಳಿದ. ಹೋಲಿಸ್ ಕಿತ್ತುಕೊಂಡು ಓಡಿದ ಸರಪಳಿಯಲ್ಲಿ ಒಂದು ಸಣ್ಣ ಕೊಕ್ಕೆ ಸಿಕ್ಕಿಸಿರುತ್ತದೆ, ಮೈದಾನದ ಯಾವ ಬಿಳಿಗೆರೆಯ ಮೇಲೆ ಅದು ಕೂರಬೇಕೆಂದು ವರ್ನನ್‌ಗೆ ನೆನಪಿರುತ್ತದೆ. ಅದನ್ನು ಅಲ್ಲಿ ಕೂರಿಸಿ ಹಿಡಿದರೆ ಅಳತೆ ಮತ್ತೆ ಅದೇ ಅಳತೆ. ಆಟ ಕೆಡಲಿಲ್ಲ, ಕೆಟ್ಟದ್ದು ಒಬ್ಬನ ಹೆಸರು ಮಾತ್ರ.

ಓಡೆಲ್ ಕೊಕ್ಕೆಯನ್ನು ಗೆರೆಗೆ ಒತ್ತಿ ಹಿಡಿದು, "ಎಳಿ," ಎಂದ. ವೇಡ್ ಮಂಡಿಯೂರಿ ಅಪ್ಪನ ಕೈಗಳನ್ನೇ ನೋಡುತ್ತಿದ್ದ. ಕೋಲನ್ನು ಸ್ವಲ್ಪ ಹಿಂದಕ್ಕೆ ವಾಲಿಸಿದರೆ ಸಾಕಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಹೋಲಿಸ್ ತನ್ನ ಬಲವೆಲ್ಲ ಹಾಕಿ ಬಿಗಿಯಾಗಿ ಎಳೆದು ಕೋಲನ್ನು ನೆಟ್ಟಗೆ ಊರಿದ. ಚೆಂಡಿನ ಮೂತಿಗೂ ಕೋಲಿಗೂ ನಡುವೆ ಹುಲ್ಲು ಕಾಣಿಸಿತು, ನಾಲ್ಕು ಬೆರಳಷ್ಟು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ರೆಫ್ರಿ ಕೈ ತೋರಿಸಿದ ಕೂಡಲೇ ಟಾಲ್ಬರ್ಟ್ ಊರಿಗೆ ಊರೇ ಮೈದಾನಕ್ಕೆ ಉರುಳಿತು.

ಜನ ಕರಗಿದ ಮೇಲೆ ಟ್ರಕ್ಕಿನ ಬಳಿ ಹೋಲಿಸ್ ಜಾಕೀಟಿನ ಗುಂಡಿ ಬಿಚ್ಚತೊಡಗಿದ.

"ಯಾಕೆ ಬಿಚ್ತಿದೀಯಾ?" ಎಂದ ಓಡೆಲ್.

"ಗೊತ್ತಿಲ್ವಾ?"

"ನಾನೇನೂ ಕೇಳಿಸ್ಕೊಂಡಿಲ್ಲ. ನನ್ನ ಎಡಗಿವಿ ಯಾವತ್ತೋ ಹೋಗಿದೆ, ನೀನಿದ್ದಿದ್ದು ಎಡಗಡೆ."

"ನಾನು ಸೀನ್ತಿದ್ದೆ," ಎಂದ ವರ್ನನ್.

ಓಡೆಲ್ ಮಾತನ್ನು ನೆಲದ ಕಡೆ ನೋಡಿಕೊಂಡೇ ಮುಂದುವರಿಸಿದ. "ಮುಂದಿನ ಶುಕ್ರವಾರ ಸೆಮಿಫೈನಲ್ಲು ಇಲ್ಲೇ. ಗ್ರೇಡಿ ಕೈ ಅಷ್ಟ್ರಲ್ಲಿ ಕೂಡಲ್ಲ. ಐದಕ್ಕೆ ಬಾ. ಆಮೇಲಿನದು ಆಮೇಲೆ ನೋಡೋಣ."

ಇದಕ್ಕಿಂತ ಹೆಚ್ಚಿನದನ್ನು ಹೋಲಿಸ್ ಯಾವತ್ತೂ ಬಯಸಿರಲಿಲ್ಲ. ಇಡೀ ಋತು ಕಾದದ್ದು ಈ ಒಂದು ಮಾತಿಗೆ. ಹೂಂ ಎಂದರೆ ಮುಗಿಯಿತು, ಊರು ಮತ್ತೆ ಅವನದು. ಆಗ ಓಡೆಲ್‌ನ ಹೆಗಲಾಚೆ, ಕತ್ತಲಂಚಿನಲ್ಲಿ, ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದು ನಿಂತಿದ್ದ ವೇಡ್ ಕಂಡ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ನೀವು ಕೇಳಿಸ್ಕೊಂಡಿಲ್ಲ ಅಂದ್ರೆ ನಾನು ಕೂಗೇ ಇಲ್ಲ ಅಂತಾಗುತ್ತೆ, ಓಡೆಲ್," ಎಂದ ಹೋಲಿಸ್. ಅವನ ಗಂಟಲು ಒಡೆದಿತ್ತು. "ನಾನು ಕೂಗಿದೀನಿ."

ಜಾಕೀಟು ಬಿಚ್ಚಿ ಮುಂದೆ ಹಿಡಿದ. ಓಡೆಲ್ ಅದನ್ನು ತೆಗೆದುಕೊಳ್ಳಲು ತುಂಬ ಹೊತ್ತು ಮಾಡಿದ. ಆಮೇಲೆ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿಟ್ಟುಕೊಂಡ.

"ಹೌದು ಕಣಯ್ಯಾ, ಕೂಗಿದೆ," ಎಂದ. "ಕಿವಿ ಕಿತ್ತು ಹೋಗೋ ಹಾಗೆ ಕೂಗಿದೆ."

ವೇಡ್ ಹತ್ತಿರ ಬಂದ. ಮುಖದಲ್ಲಿ ಮಣ್ಣು, ಕಣ್ಣು ಕೆಂಪು. ಸೋತ ಹುಡುಗ, ವರ್ಷದ ಕನಸು ನಾಲ್ಕು ಬೆರಳಲ್ಲಿ ಕಳೆದುಕೊಂಡವನು.

"ಅಳಿಲು ಅಂತ ಯಾಕೆ ಕೂಗಿದೆ ಅಪ್ಪಾ? ಎಲ್ಲರೂ ಕೇಳಿಸ್ಕೊಂಡ್ರು. ಬಸ್ಸಲ್ಲಿ ಆಗ್ಲೇ ಶುರು ಮಾಡಿದಾರೆ."

"ಬೇರೆ ಹೆಸರು ನೆನಪಾಗ್ಲಿಲ್ಲ ಕಣೋ."

ವೇಡ್ ನಗಲು ಹೋಗಿ ಅತ್ತುಬಿಟ್ಟ. ವರ್ನನ್ ಟ್ರಕ್ಕಿನ ಹಲಗೆಯ ಮೇಲೆ ಸರಿದು ಎಲ್ಲರಿಗೂ ಜಾಗ ಮಾಡಿದ. ಹುಡುಗ ಅಲ್ಲಿ, ಹೋಲಿಸ್‌ಗೂ ಓಡೆಲ್‌ಗೂ ನಡುವೆ, ಕಾಲು ಇಳಿಬಿಟ್ಟು ಕೂತ. ಪೊಟ್ಟಣದಲ್ಲಿ ಉಳಿದಿದ್ದ ಕಡಲೆಕಾಯಿ ತಣ್ಣಗಾಗಿತ್ತು. ನಾಲ್ವರೂ ಅದನ್ನೇ ಸುಲಿದರು. ಮೈದಾನದ ದೀಪಗಳು ಒಂದೊಂದಾಗಿ ಆರಿದವು, ಹೋಲಿಸ್ ಕೊನೆಯದು ಆರುವವರೆಗೂ ನೋಡುತ್ತಿದ್ದ. ಹೇವುಡ್‌ನ ಬಸ್ಸಿನವನು ಎರಡು ಸಲ ಹಾರ್ನ್ ಹೊಡೆದ. ಯಾರೂ ಏಳಲಿಲ್ಲ.